ಮೊಬೈಲ್ ಪ್ರಶ್ನೋತ್ತರ: ಕರೆಗಳ ಹತೋಟಿ, ಕೈಕೊಡುವ ರಿಮೈಂಡರ್, ಬೇಡದ ಆ್ಯಪ್‌ಗಳು

ಈ ಸಲ ಬಂದಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ‘ಇದಕ್ಕೆ ಯಾವ ಆ್ಯಪ್ ಹಾಕಿಕೊಳ್ಳಬೇಕು?’ ಎಂದು ಕೇಳುತ್ತವೆ. ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳಿಗೆ ಹೊಸ ಆ್ಯಪ್ ಬೇಕಾಗಿಯೇ ಇಲ್ಲ. ಬೇಕಾದದ್ದು ಫೋನಿನ ಒಳಗೋ ಸಿಮ್‌ನ ನೆಟ್‌ವರ್ಕ್‌ನಲ್ಲೋ ಆಗಲೇ ಇರುತ್ತದೆ. ಕೆಳಗೆ ಹೇಳಿರುವ ಮೆನುಗಳ ಹೆಸರು ಫೋನಿನ ಕಂಪನಿ ಮತ್ತು ಆವೃತ್ತಿಗೆ ತಕ್ಕಂತೆ ತುಸು ಬೇರೆ ಇರಬಹುದು. ಸಿಗದಿದ್ದರೆ ಸೆಟ್ಟಿಂಗ್ಸ್ ತೆರೆದು ಮೇಲಿರುವ ಹುಡುಕಾಟದ ಜಾಗದಲ್ಲಿ ಆ ಹೆಸರನ್ನು ಟೈಪ್ ಮಾಡಿ.

ಪ್ರಶ್ನೆ: ಗೊತ್ತಿಲ್ಲದ ನಂಬರುಗಳಿಂದ ದಿನವಿಡೀ ಕರೆ ಬರುತ್ತದೆ. ಫೋನ್ ಆ್ಯಪ್‌ನಲ್ಲಿ ‘ಅನ್‌ನೋನ್’ ಕರೆ ಬ್ಲಾಕ್ ಮಾಡುವ ಆಯ್ಕೆಯನ್ನು ಆನ್ ಮಾಡಿದ್ದೇನೆ, ಆದರೂ ನಿಂತಿಲ್ಲ. ಯಾಕೆ?

ಉತ್ತರ: ಆ ಆಯ್ಕೆಯ ಕೆಲಸವೇ ಬೇರೆ. ಗೂಗಲ್‌ನ ಫೋನ್ ಆ್ಯಪ್‌ನಲ್ಲಿ ‘ಬ್ಲಾಕ್ಡ್ ನಂಬರ್ಸ್’ ಒಳಗಿರುವ ‘ಅನ್‌ನೋನ್’ ತಡೆಯುವುದು ನಂಬರನ್ನೇ ಮರೆಮಾಡಿಕೊಂಡು ಬರುವ ಕರೆಗಳನ್ನು ಮಾತ್ರ. ಪರದೆಯ ಮೇಲೆ ‘ಪ್ರೈವೇಟ್’ ಅಥವಾ ‘ಅನ್‌ನೋನ್’ ಎಂದು ಕಾಣುತ್ತವಲ್ಲ, ಅವು. ನಂಬರು ಕಾಣಿಸುತ್ತಿದ್ದರೆ, ಅದು ನಿಮ್ಮ ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಇಲ್ಲದಿದ್ದರೂ ಈ ಆಯ್ಕೆ ಅದನ್ನು ಮುಟ್ಟುವುದಿಲ್ಲ.

ನಿಮಗೆ ಬೇಕಾದದ್ದು ಇನ್ನೊಂದು ಮೆನುವಿನಲ್ಲಿದೆ. ಫೋನ್ ಆ್ಯಪ್ ತೆರೆದು, ಮೂರು ಚುಕ್ಕೆ ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ‘ಕಾಲರ್ ಐಡಿ ಆ್ಯಂಡ್ ಸ್ಪ್ಯಾಮ್’ಗೆ ಹೋಗಿ. ಅಲ್ಲಿ ಎರಡು ಸ್ವಿಚ್‌ಗಳಿರುತ್ತವೆ. ಮೊದಲನೆಯದು ಸ್ಪ್ಯಾಮ್ ಎಂಬ ಅನುಮಾನವಿದ್ದರೆ ಪರದೆಯ ಮೇಲೆ ಎಚ್ಚರಿಸುತ್ತದೆ, ಫೋನ್ ಮಾತ್ರ ರಿಂಗ್ ಆಗುತ್ತದೆ. ಎರಡನೆಯದು, ‘ಫಿಲ್ಟರ್ ಸ್ಪ್ಯಾಮ್ ಕಾಲ್ಸ್’, ಅಂಥ ಕರೆ ರಿಂಗ್ ಆಗದಂತೆಯೇ ನೋಡಿಕೊಳ್ಳುತ್ತದೆ. ಕರೆ ಬಂದದ್ದು ಕಾಲ್ ಹಿಸ್ಟರಿಯಲ್ಲಿ ದಾಖಲಾಗಿರುತ್ತದೆ. ಹೆಚ್ಚಿನವರು ಮೊದಲನೆಯದನ್ನು ಆನ್ ಮಾಡಿ ಅಲ್ಲಿಗೇ ನಿಲ್ಲಿಸುತ್ತಾರೆ. ಎರಡನ್ನೂ ಆನ್ ಮಾಡಿ.

ಐಫೋನ್‌ನಲ್ಲಿ ಇದಕ್ಕಿಂತ ಬಿಗಿಯಾದ ವ್ಯವಸ್ಥೆ 2019ರ ಐಒಎಸ್ 13ರಿಂದಲೇ ಇದೆ: ಫೋನ್ ಸೆಟ್ಟಿಂಗ್ಸ್‌ನಲ್ಲಿ ‘ಸೈಲೆನ್ಸ್ ಅನ್‌ನೋನ್ ಕಾಲರ್ಸ್’. ಕಾಂಟ್ಯಾಕ್ಟ್‌ನಲ್ಲಿ ಇಲ್ಲದವರ, ನೀವು ಹಿಂದೆ ಕರೆ ಮಾಡಿರದವರ ಕರೆಗಳು ಸದ್ದಿಲ್ಲದೆ ‘ರೀಸೆಂಟ್ಸ್’ ಪಟ್ಟಿಗೆ ಹೋಗುತ್ತವೆ. ಇದರಲ್ಲಿ ಒಂದು ಅಪಾಯವಿದೆ. ಆಸ್ಪತ್ರೆ, ಶಾಲೆ, ಪಾರ್ಸೆಲ್ ತಂದವರು, ಹೊಸ ನಂಬರಿನಿಂದ ಕರೆ ಮಾಡುವ ನೆಂಟರು, ಎಲ್ಲರೂ ಆ ಪಟ್ಟಿಗೇ ಸೇರುತ್ತಾರೆ. ಮುಖ್ಯವಾದ ಕರೆ ಬರಬೇಕಿರುವ ದಿನ ಇದನ್ನು ಆಫ್ ಮಾಡಿಡಿ.

ವಾಟ್ಸ್‌ಆ್ಯಪ್ ಕರೆಗಳಿಗೆ ಇವು ಯಾವುವೂ ಅನ್ವಯವಾಗುವುದಿಲ್ಲ. ಅದರದ್ದೇ ಆಯ್ಕೆ ಸೆಟ್ಟಿಂಗ್ಸ್, ಪ್ರೈವಸಿ, ಕಾಲ್ಸ್ ಒಳಗೆ ಇದೆ.

ಒಂದೊಂದೇ ನಂಬರು ಬ್ಲಾಕ್ ಮಾಡುತ್ತಾ ಕೂತರೆ ಪ್ರಯೋಜನ ಕಡಿಮೆ, ಏಕೆಂದರೆ ಸ್ವಯಂಚಾಲಿತವಾಗಿ ಕರೆ ಮಾಡುವವರು ನಂಬರು ಬದಲಾಯಿಸುತ್ತಲೇ ಇರುತ್ತಾರೆ. ಪರದೆಯಲ್ಲಿ ಕಾಣುವ ನಂಬರನ್ನೇ ನಕಲಿ ಮಾಡುವುದೂ ಉಂಟು. ಬ್ಲಾಕ್ ಮಾಡುವಾಗ ‘ರಿಪೋರ್ಟ್ ಸ್ಪ್ಯಾಮ್’ ಕೂಡ ಒತ್ತಿದರೆ ಉಳಿದವರಿಗೆ ಉಪಕಾರವಾಗುತ್ತದೆ. ‘ಪಟ್ಟಿಯಿಂದ ಹೆಸರು ತೆಗೆಯಲು 9 ಒತ್ತಿ’ ಎಂದು ಧ್ವನಿಮುದ್ರಿಕೆ ಹೇಳಿದರೆ ಒತ್ತಬೇಡಿ, ಈ ನಂಬರನ್ನು ಎತ್ತುವವರಿದ್ದಾರೆ ಎಂಬ ಸುಳಿವು ಅವರಿಗೆ ಸಿಕ್ಕಂತಾಗುತ್ತದೆ. ಪರಿಚಯವಿಲ್ಲದ ವಿದೇಶಿ ನಂಬರಿನಿಂದ ಒಂದೇ ರಿಂಗ್ ಬಂದು ನಿಂತರೆ ತಿರುಗಿ ಕರೆ ಮಾಡಬೇಡಿ. ದುಬಾರಿ ದರದ ಲೈನಿಗೆ ನಿಮ್ಮಿಂದಲೇ ಕರೆ ಮಾಡಿಸಿ ಹಣ ಮಾಡುವ ಹಳೆಯ ವಂಚನೆ ಅದು.

ಪ್ರಶ್ನೆ: ಟ್ರೂಕಾಲರ್‌ನಲ್ಲಿ ಬ್ಯಾಂಕಿನ ಹೆಸರು ತೋರಿಸಿದರೆ ಆ ಕರೆಯನ್ನು ನಂಬಬಹುದೇ? ಅದರಿಂದ ನನ್ನ ಹೆಸರನ್ನು ತೆಗೆಸುವುದು ಹೇಗೆ?

ಉತ್ತರ: ಹೆಸರೊಂದನ್ನೇ ನೋಡಿ ನಂಬಬೇಡಿ. ಇಂಥ ಆ್ಯಪ್‌ಗಳಲ್ಲಿ ಕಾಣುವ ಬಹುಪಾಲು ಹೆಸರುಗಳು ಬಳಕೆದಾರರೇ ಕೊಟ್ಟವು. ಯಾರು ಬೇಕಾದರೂ ತಮ್ಮ ಖಾತೆಗೆ ಸಂಸ್ಥೆಯೊಂದರ ಹೆಸರನ್ನೂ ಲೋಗೋವನ್ನೂ ಹಾಕಿಕೊಳ್ಳಬಹುದು. ದೃಢೀಕರಿಸಿದ ಸಂಸ್ಥೆಗಳಿಗೆ ಬೇರೆ ಬಣ್ಣ, ಬೇರೆ ಗುರುತು ಇರುವುದು ನಿಜ, ಆದರೆ ನಂಬರನ್ನೇ ನಕಲಿ ಮಾಡಿದ್ದರೆ ಆ ಗುರುತೂ ನೆರವಿಗೆ ಬಾರದು. ‘ಸ್ಪ್ಯಾಮ್’ ಎಂದು ಹೇಳಿದಾಗ ಆ್ಯಪ್‌ನ ಮಾತು ಬಹಳ ಸಲ ಸರಿ ಇರುತ್ತದೆ. ‘ಇವರು ಇಂಥವರೇ’ ಎಂದಾಗ ಅಷ್ಟು ಭರವಸೆ ಇಡುವಂತಿಲ್ಲ. ಬ್ಯಾಂಕಿನವರೆಂದು ಹೇಳಿಕೊಂಡು ಕರೆ ಬಂದರೆ ಇಟ್ಟುಬಿಡಿ, ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ನಂಬರಿಗೆ ನೀವೇ ಕರೆ ಮಾಡಿ.

ಹೆಸರು ತೆಗೆಸಲು ಎರಡು ಹೆಜ್ಜೆ. ಮೊದಲು ಆ್ಯಪ್‌ನ ಪ್ರೈವಸಿ ಸೆಂಟರ್‌ಗೆ ಹೋಗಿ ಖಾತೆಯನ್ನು ನಿಷ್ಕ್ರಿಯಗೊಳಿಸಿ. ಬಳಿಕ ಟ್ರೂಕಾಲರ್ ಜಾಲತಾಣದ ‘ಅನ್‌ಲಿಸ್ಟ್’ ಪುಟದಲ್ಲಿ ದೇಶದ ಕೋಡ್ ಸಹಿತ ನಂಬರು ಕೊಡಿ. ಆ್ಯಪ್ ಅನ್ನು ಫೋನಿನಿಂದ ತೆಗೆದರಷ್ಟೇ ಹೆಸರು ಹೋಗುವುದಿಲ್ಲ. ಖಾತೆ ಚಾಲ್ತಿಯಲ್ಲಿದ್ದರೆ ಅನ್‌ಲಿಸ್ಟ್ ಕೋರಿಕೆಯೂ ನಡೆಯುವುದಿಲ್ಲ.

ಪ್ರಶ್ನೆ: ಎರಡು ಸಿಮ್ ಹಾಕಿದ್ದೇನೆ. ಒಂದರಲ್ಲಿ ಮಾತಾಡುತ್ತಿರುವಾಗ ಇನ್ನೊಂದಕ್ಕೆ ಕರೆ ಮಾಡಿದವರಿಗೆ ‘ಸಂಪರ್ಕಕ್ಕೆ ಸಿಗುತ್ತಿಲ್ಲ’ ಎಂದು ಕೇಳಿಸುತ್ತದಂತೆ. ಫೋನ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಹೆಚ್ಚಿನ ಫೋನುಗಳಲ್ಲಿ ಎರಡು ಸಿಮ್‌ಗಳೂ ಕಾಯುತ್ತಿರುತ್ತವೆ, ಆದರೆ ಕರೆ ನಡೆಸುವ ರೇಡಿಯೊ ಭಾಗ ಒಂದು ಸಮಯಕ್ಕೆ ಒಂದೇ ಸಿಮ್‌ಗೆ ದುಡಿಯುತ್ತದೆ. ಮೊದಲನೆಯದರಲ್ಲಿ ಮಾತು ಶುರುವಾದ ಕೂಡಲೇ ಎರಡನೆಯದು ನೆಟ್‌ವರ್ಕ್‌ನ ಪಾಲಿಗೆ ಕಾಣೆಯಾಗುತ್ತದೆ. ಹಾಗಾಗಿ ‘ಬ್ಯುಸಿ’ ಎಂದು ಕೇಳಿಸದೆ ‘ಸಿಗುತ್ತಿಲ್ಲ’ ಎಂದು ಕೇಳಿಸುತ್ತದೆ. ಇದನ್ನೇ ಉಪಯೋಗಿಸಿಕೊಂಡು ಪರಿಹಾರ ಮಾಡಬಹುದು, ಯಾವ ಆ್ಯಪ್ ಕೂಡ ಬೇಡ.

ಮೊದಲು ಎರಡೂ ಸಿಮ್‌ಗಳಿಂದ *43# ಡಯಲ್ ಮಾಡಿ. ಇದು ಕಾಲ್ ವೇಟಿಂಗ್, ಎಂದರೆ ಮಾತಾಡುತ್ತಿರುವಾಗಲೇ ಬರುವ ಇನ್ನೊಂದು ಕರೆಯನ್ನು ತಿಳಿಸುವ ಸೌಲಭ್ಯವನ್ನು ಆನ್ ಮಾಡುತ್ತದೆ. ಆಮೇಲೆ ಎರಡನೇ ಸಿಮ್ ಆರಿಸಿಕೊಂಡು *62* ಒತ್ತಿ, ಮೊದಲ ಸಿಮ್‌ನ ನಂಬರನ್ನು ಪ್ಲಸ್ ಚಿಹ್ನೆ ಮತ್ತು ದೇಶದ ಕೋಡ್ ಸಹಿತ ಬರೆದು, ಕೊನೆಗೆ # ಹಾಕಿ ಡಯಲ್ ಮಾಡಿ. ಮೊದಲ ಸಿಮ್‌ನಿಂದಲೂ ಹೀಗೆಯೇ, ಎರಡನೆಯದರ ನಂಬರು ಕೊಟ್ಟು ಮಾಡಿ. 62 ಎಂದರೆ ‘ಸಂಪರ್ಕಕ್ಕೆ ಸಿಗದಿದ್ದಾಗ ಮಾತ್ರ ಇಲ್ಲಿಗೆ ಕಳಿಸು’ ಎಂಬ ಆದೇಶ. ಈಗ ಮೊದಲ ಸಿಮ್‌ನಲ್ಲಿ ನೀವು ಮಾತಾಡುತ್ತಿರುವಾಗ ಎರಡನೆಯದಕ್ಕೆ ಕರೆ ಬಂದರೆ, ಅದು ತಿರುಗಿ ಮೊದಲನೆಯದಕ್ಕೇ ಬಂದು ಕಾಲ್ ವೇಟಿಂಗ್‌ನ ಬೀಪ್ ಆಗಿ ಕೇಳಿಸುತ್ತದೆ. ಮೂರನೆಯ ಫೋನಿನಿಂದ ಕರೆ ಮಾಡಿಸಿ ಪರೀಕ್ಷಿಸಿ.

ಮೂರು ವಿಷಯ ನೆನಪಿರಲಿ. ಹೀಗೆ ತಿರುಗಿಸಿದ ಕರೆಯ ಖರ್ಚು ತಿರುಗಿಸಿದವರ ಲೆಕ್ಕಕ್ಕೆ ಬೀಳಬಹುದು, ನಿಮ್ಮ ಪ್ಲಾನ್ ಏನು ಹೇಳುತ್ತದೆಂದು ನೋಡಿಕೊಳ್ಳಿ. ಸಿಗದ ಕರೆಗಳು ಮೊದಲು ವಾಯ್ಸ್‌ಮೇಲ್‌ಗೆ (ಕರೆ ಮಾಡಿದವರ ಮಾತನ್ನು ದಾಖಲಿಸಿಡುವ ಸೇವೆ) ಹೋಗುತ್ತಿದ್ದರೆ ಆ ಏರ್ಪಾಡು ಅಳಿಸಿಹೋಗುತ್ತದೆ. ಡಯಲ್ ಕೋಡುಗಳನ್ನು ಒಪ್ಪದ ನೆಟ್‌ವರ್ಕ್‌ಗಳೂ ಇವೆ, ಅಲ್ಲಿ ಫೋನ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿರುವ ‘ಕಾಲ್ ಫಾರ್ವರ್ಡಿಂಗ್’ ಮೆನುವಿನಿಂದ ಇದೇ ಕೆಲಸ ಮಾಡಿಸಬೇಕು. ಬೇಡವೆನಿಸಿದರೆ ಆಯಾ ಸಿಮ್‌ನಿಂದ ##62# ಡಯಲ್ ಮಾಡಿದರೆ ರದ್ದಾಗುತ್ತದೆ. ಫೋನನ್ನೇ ಆಫ್ ಮಾಡಿದಾಗ ಕರೆ ಎರಡು ನಂಬರುಗಳ ನಡುವೆ ಸುತ್ತುತ್ತಲೇ ಇರುತ್ತದೆಂಬ ಭಯ ಬೇಡ. ಎಷ್ಟು ಬಾರಿ ತಿರುಗಿಸಬಹುದು ಎಂಬುದಕ್ಕೆ ನೆಟ್‌ವರ್ಕ್‌ನಲ್ಲೇ ಮಿತಿ ಇರುತ್ತದೆ.

ಐಫೋನ್‌ನಲ್ಲಿ ಇನ್ನೊಂದು ದಾರಿ ಇದೆ. ಎರಡೂ ಲೈನುಗಳಿಗೆ ‘ವೈಫೈ ಕಾಲಿಂಗ್’ ಆನ್ ಮಾಡಿ, ‘ಅಲೋ ಸೆಲ್ಯುಲರ್ ಡೇಟಾ ಸ್ವಿಚಿಂಗ್’ ಕೂಡ ಆನ್ ಮಾಡಿದರೆ, ಮಾತಾಡುತ್ತಿರುವ ಲೈನಿನ ಡೇಟಾ ಬಳಸಿ ಇನ್ನೊಂದು ಲೈನಿನ ಕರೆ ಒಳಗೆ ಬರುತ್ತದೆ. ಆ ಸೌಲಭ್ಯವನ್ನು ಸಿಮ್ ಕಂಪನಿ ಕೊಟ್ಟಿರಬೇಕು.

ಪ್ರಶ್ನೆ: *#21# ಡಯಲ್ ಮಾಡಿದರೆ ಯಾರಾದರೂ ನಮ್ಮ ಕರೆಗಳನ್ನು ಕದ್ದು ಕೇಳುತ್ತಿದ್ದಾರೆಯೇ ಎಂದು ತಿಳಿಯುತ್ತದಂತೆ. ನಿಜವೇ? *#62# ಹಾಕಿದಾಗ ಗೊತ್ತಿಲ್ಲದ ನಂಬರು ಕಾಣಿಸಿ ಗಾಬರಿಯಾಗಿದೆ.

ಉತ್ತರ: ಕದ್ದಾಲಿಕೆಗೂ ಈ ಕೋಡುಗಳಿಗೂ ಸಂಬಂಧವಿಲ್ಲ. ಇವು ತಿಳಿಸುವುದು ಒಂದೇ ವಿಷಯ: ನಿಮ್ಮ ಕರೆಗಳನ್ನು ಬೇರೆಡೆಗೆ ತಿರುಗಿಸಲಾಗಿದೆಯೇ, ಆಗಿದ್ದರೆ ಯಾವ ನಂಬರಿಗೆ. *#21# ಎಲ್ಲ ಕರೆಗಳ ತಿರುಗಿಸುವಿಕೆಯನ್ನು ತೋರಿಸುತ್ತದೆ. *#67# ನೀವು ಬ್ಯುಸಿ ಇದ್ದಾಗಿನದು, *#61# ಎತ್ತದಿದ್ದಾಗಿನದು, *#62# ಸಿಗದಿದ್ದಾಗಿನದು. ಕೊನೆಯ ಮೂರರಲ್ಲಿ ಕಾಣುವ ಅಪರಿಚಿತ ನಂಬರು ಸಾಮಾನ್ಯವಾಗಿ ಸಿಮ್ ಕಂಪನಿಯ ವಾಯ್ಸ್‌ಮೇಲ್‌ನದು. ಕಂಪನಿಯ ಗ್ರಾಹಕ ಸೇವೆಗೆ ಕೇಳಿ ಖಚಿತಪಡಿಸಿಕೊಳ್ಳಿ.

ಗಾಬರಿಯಾಗಬೇಕಾದದ್ದು *#21#ಗೆ ಉತ್ತರವಾಗಿ ನೀವು ಹಾಕಿರದ ನಂಬರು ಕಂಡಾಗ. ಆಗ ನಿಮಗೆ ಬರುವ ಪ್ರತಿಯೊಂದು ಕರೆಯೂ ಅಲ್ಲಿಗೆ ಹೋಗುತ್ತಿರುತ್ತದೆ, ನಿಮ್ಮ ಫೋನ್ ರಿಂಗ್ ಕೂಡ ಆಗುವುದಿಲ್ಲ. ವಂಚಕರು ಇದನ್ನು ಮಾಡಿಸುವ ರೀತಿ ಸರಳ. ಪಾರ್ಸೆಲ್ ಸಮಸ್ಯೆ, ಸಿಮ್ ನವೀಕರಣ ಎಂದೇನೋ ಹೇಳಿ, *21* ನಂತರ ಒಂದು ನಂಬರು, ಕೊನೆಗೆ # ಇರುವ ಕೋಡನ್ನು ನಿಮ್ಮಿಂದಲೇ ಡಯಲ್ ಮಾಡಿಸುತ್ತಾರೆ. ಎಸ್‌ಎಂಎಸ್‌ಗಳು ಹೀಗೆ ತಿರುಗುವುದಿಲ್ಲ. ಆದರೆ ವಾಟ್ಸ್‌ಆ್ಯಪ್‌ನಂಥ ಎಷ್ಟೋ ಸೇವೆಗಳಲ್ಲಿ ‘ಕರೆ ಮಾಡಿ ಕೋಡ್ ತಿಳಿಸು’ ಎಂಬ ಆಯ್ಕೆ ಇದೆಯಲ್ಲ, ಆ ಕರೆ ವಂಚಕರಿಗೆ ಸಿಗುತ್ತದೆ. ಖಾತೆ ಕೈತಪ್ಪುವುದು ಅಲ್ಲೇ.

ಹೀಗಾಗಿದ್ದರೆ ತಕ್ಷಣ ##002# ಡಯಲ್ ಮಾಡಿ, ಎಲ್ಲ ಬಗೆಯ ತಿರುಗಿಸುವಿಕೆಯೂ ಅಳಿಸುತ್ತದೆ. ಮತ್ತೆ *#21# ಹಾಕಿ ನೋಡಿ. ನಂತರ ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ಗುರುತಿಲ್ಲದ ಸಾಧನಗಳನ್ನು ಹೊರಹಾಕಿ, ‘ಟೂ ಸ್ಟೆಪ್ ವೆರಿಫಿಕೇಶನ್’ನಲ್ಲಿ 6 ಅಂಕಿಯ ಪಿನ್ ಇಟ್ಟುಕೊಳ್ಳಿ. ಈ ಪಿನ್ ಇದ್ದರೆ ಕರೆಯ ಕೋಡ್ ಸಿಕ್ಕರೂ ಬೇರೆಯವರು ಖಾತೆಯೊಳಗೆ ನುಗ್ಗುವುದು ಕಷ್ಟ. ##002# ಹಾಕಿದರೆ ಹಿಂದಿನ ಉತ್ತರದಲ್ಲಿ ಹೇಳಿದ ಎರಡು ಸಿಮ್‌ನ ಏರ್ಪಾಡೂ ಅಳಿಯುತ್ತದೆ, ಅದನ್ನು ಮತ್ತೆ ಹಾಕಿಕೊಳ್ಳಬೇಕು.

ಪ್ರಶ್ನೆ: ರಾತ್ರಿ ಫೋನ್ ಸದ್ದು ಮಾಡಬಾರದು, ಆದರೆ ವಯಸ್ಸಾದ ಅಪ್ಪ ಅಮ್ಮ ಕರೆ ಮಾಡಿದರೆ ಮಾತ್ರ ರಿಂಗ್ ಆಗಬೇಕು. ಇದಕ್ಕೆ ಒಳ್ಳೆಯ ಆ್ಯಪ್ ಯಾವುದು?

ಉತ್ತರ: ಫೋನಿನಲ್ಲೇ ಇರುವ ‘ಡು ನಾಟ್ ಡಿಸ್ಟರ್ಬ್’ ಸಾಕು. ಆಂಡ್ರಾಯ್ಡ್‌ನಲ್ಲಿ ಮೊದಲು ಅಪ್ಪ ಅಮ್ಮನ ಕಾಂಟ್ಯಾಕ್ಟ್ ತೆರೆದು ನಕ್ಷತ್ರದ ಗುರುತು ಒತ್ತಿ. ಆಮೇಲೆ ಡು ನಾಟ್ ಡಿಸ್ಟರ್ಬ್ ಒಳಗೆ ಕರೆಗಳ ಆಯ್ಕೆಯಲ್ಲಿ ‘ಸ್ಟಾರ್ಡ್ ಕಾಂಟ್ಯಾಕ್ಟ್ಸ್’ ಎಂದು ಆರಿಸಿ, ‘ಶೆಡ್ಯೂಲ್ಸ್’ನಲ್ಲಿ ಮಲಗುವ ಏಳುವ ಹೊತ್ತು ಹಾಕಿಬಿಡಿ. ಐಫೋನ್‌ನಲ್ಲಿ ಫೋಕಸ್ ಮೆನುವಿನಿಂದ ಹೀಗೆ ಮಾಡಬಹುದು. ಇನ್ನೂ ಖಚಿತವಾದದ್ದು ಬೇಕೆಂದರೆ ಆ ಕಾಂಟ್ಯಾಕ್ಟ್‌ನ ‘ಎಡಿಟ್’, ‘ರಿಂಗ್‌ಟೋನ್’ಗೆ ಹೋಗಿ ‘ಎಮರ್ಜೆನ್ಸಿ ಬೈಪಾಸ್’ ಆನ್ ಮಾಡಿ. ಪಕ್ಕದ ಸೈಲೆಂಟ್ ಸ್ವಿಚ್ ಹಾಕಿದ್ದರೂ ಅವರ ಕರೆ ರಿಂಗ್ ಆಗುತ್ತದೆ.

ಅಪ್ಪ ಅಮ್ಮ ಬೇರೆಯವರ ಫೋನಿನಿಂದ ಕರೆ ಮಾಡುವ ಸಂದರ್ಭವೂ ಬರಬಹುದು. ಅದಕ್ಕಾಗಿ ‘ರಿಪೀಟ್ ಕಾಲರ್ಸ್’ ಆನ್ ಇರಲಿ. ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ, ಐಫೋನ್‌ನಲ್ಲಿ 3 ನಿಮಿಷದೊಳಗೆ ಅದೇ ನಂಬರಿನಿಂದ ಎರಡನೇ ಕರೆ ಬಂದರೆ ರಿಂಗ್ ಆಗುತ್ತದೆ. ‘ತುರ್ತಿದ್ದರೆ ಕೂಡಲೇ ಎರಡು ಸಲ ಮಾಡಿ’ ಎಂದು ಮನೆಯವರಿಗೆಲ್ಲ ಹೇಳಿಡಿ. ಆಂಡ್ರಾಯ್ಡ್‌ನಲ್ಲಿ ರಿಂಗ್ ವಾಲ್ಯೂಮನ್ನೇ ಸೊನ್ನೆಗೆ ಇಳಿಸಿದ್ದರೆ ಈ ವಿನಾಯಿತಿಗಳಿಂದ ಉಪಯೋಗವಿಲ್ಲ. ವಾಲ್ಯೂಮ್ ಇದ್ದಷ್ಟೇ ಇರಲಿ, ಸುಮ್ಮನಿರಿಸುವ ಕೆಲಸವನ್ನು ಡು ನಾಟ್ ಡಿಸ್ಟರ್ಬ್ ಮಾಡಲಿ.

ಪ್ರಶ್ನೆ: ಔಷಧ ನೆನಪಿಸಲು ಹಾಕಿಕೊಂಡ ರಿಮೈಂಡರ್ ಆ್ಯಪ್ ಒಂದು ದಿನ ಸರಿಯಾಗಿ ಬಾರಿಸುತ್ತದೆ, ಇನ್ನೊಂದು ದಿನ ಬಾರಿಸುವುದೇ ಇಲ್ಲ. ಆ್ಯಪ್ ಬದಲಾಯಿಸಿದರೂ ಅದೇ ಕಥೆ.

ಉತ್ತರ: ಆ್ಯಪ್ ಬದಲಾಯಿಸಿದರೂ ತೊಂದರೆ ಉಳಿದಿದೆ ಎಂದರೆ ಕಾರಣ ಫೋನಿನಲ್ಲೇ ಇದೆ. ಬ್ಯಾಟರಿ ಉಳಿಸಲು ಆಂಡ್ರಾಯ್ಡ್ ವರ್ಷದಿಂದ ವರ್ಷಕ್ಕೆ ಹಿನ್ನೆಲೆಯ ಕೆಲಸಗಳನ್ನು ಬಿಗಿ ಮಾಡುತ್ತ ಬಂದಿದೆ, ಫೋನ್ ಕಂಪನಿಗಳು ಅದರ ಮೇಲೆ ತಮ್ಮದೂ ಒಂದಿಷ್ಟು ಬಿಗಿ ಸೇರಿಸುತ್ತವೆ. ಕೆಳಗಿನವನ್ನು ಇದೇ ಕ್ರಮದಲ್ಲಿ ನೋಡಿ.

ಮೊದಲನೆಯದು ನೋಟಿಫಿಕೇಶನ್ ಅನುಮತಿ. ಆಂಡ್ರಾಯ್ಡ್ 13ರಿಂದ ಪ್ರತಿ ಆ್ಯಪ್ ಇದನ್ನು ಕೇಳಿ ಪಡೆಯಬೇಕು. ಮೊದಲ ಬಾರಿ ತೆರೆದಾಗ ಅವಸರದಲ್ಲಿ ‘ಬೇಡ’ ಎಂದು ಒತ್ತಿದ್ದರೆ ರಿಮೈಂಡರ್ ಬಾಯಿ ಮುಚ್ಚಿಕೊಂಡೇ ಇರುತ್ತದೆ.

ಎರಡನೆಯದು ಹೆಚ್ಚಿನವರಿಗೆ ಗೊತ್ತೇ ಇಲ್ಲದ್ದು. ಸೆಟ್ಟಿಂಗ್ಸ್, ಆ್ಯಪ್ಸ್, ‘ಸ್ಪೆಷಲ್ ಆ್ಯಪ್ ಆಕ್ಸೆಸ್’ ಒಳಗೆ ‘ಅಲಾರಮ್ಸ್ ಆ್ಯಂಡ್ ರಿಮೈಂಡರ್ಸ್’ ಎಂಬ ಪಟ್ಟಿ ಇದೆ. ನಿಗದಿತ ನಿಮಿಷಕ್ಕೇ ಎಚ್ಚರಗೊಳ್ಳುವ ಹಕ್ಕು ಇಲ್ಲಿಂದ ಸಿಗುತ್ತದೆ. ಆಂಡ್ರಾಯ್ಡ್ 14ರಿಂದ ಹೊಸದಾಗಿ ಹಾಕಿಕೊಂಡ ಬಹಳಷ್ಟು ಆ್ಯಪ್‌ಗಳಿಗೆ ಇದು ತಾನಾಗಿ ಸಿಗುವುದಿಲ್ಲ, ನೀವೇ ಆನ್ ಮಾಡಬೇಕು. ಇದು ಆಫ್ ಇದ್ದರೆ ರಿಮೈಂಡರ್ ತಡವಾಗಿ, ಕೆಲವೊಮ್ಮೆ ಫೋನ್ ಕೈಗೆತ್ತಿಕೊಂಡ ಮೇಲಷ್ಟೇ ಬರುತ್ತದೆ. ನೀವು ಹೇಳುವ ‘ಒಂದು ದಿನ ಸರಿ, ಇನ್ನೊಂದು ದಿನ ಇಲ್ಲ’ ಎಂಬ ಲಕ್ಷಣ ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಮೂರನೆಯದು ಬ್ಯಾಟರಿ. ಆ ಆ್ಯಪ್‌ನ ‘ಆ್ಯಪ್ ಇನ್ಫೊ’ ತೆರೆದು ಬ್ಯಾಟರಿಯನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ. ಕೆಲವು ಫೋನುಗಳಲ್ಲಿ ‘ಆಟೊಸ್ಟಾರ್ಟ್’ ಎಂಬ ಬೇರೆ ಅನುಮತಿಯೂ ಇರುತ್ತದೆ, ‘ಸ್ಲೀಪಿಂಗ್ ಆ್ಯಪ್ಸ್’ ಎಂಬ ಪಟ್ಟಿಯೂ ಇರುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ಆ್ಯಪ್ ಇದ್ದರೆ ತೆಗೆಯಿರಿ. ಎಲ್ಲ ಆ್ಯಪ್‌ಗಳನ್ನೂ ‘ಫೋರ್ಸ್ ಸ್ಟಾಪ್’ ಮಾಡುವ ಅಭ್ಯಾಸವಿದ್ದರೆ ಬಿಡಿ. ಫೋರ್ಸ್ ಸ್ಟಾಪ್ ಮಾಡಿದರೆ ಆ ಆ್ಯಪ್ ಮುಂದೆ ಇಟ್ಟಿರುವ ಅಲಾರಂಗಳೆಲ್ಲ ರದ್ದಾಗುತ್ತವೆ, ನೀವೇ ತೆರೆಯುವವರೆಗೆ ಅದು ಏಳುವುದಿಲ್ಲ. ಫೋನಿನ ವೇಗ ಹೆಚ್ಚಿಸುತ್ತೇವೆ ಎನ್ನುವ ‘ಬೂಸ್ಟರ್’ ‘ಕ್ಲೀನರ್’ ಆ್ಯಪ್‌ಗಳೂ ಹೀಗೆ ಬೇರೆ ಆ್ಯಪ್‌ಗಳನ್ನು ಮುಚ್ಚುತ್ತವೆ. ಅಂಥದ್ದಿದ್ದರೆ ತೆಗೆದುಹಾಕುವುದೇ ಒಳ್ಳೆಯದು.

ಇನ್ನೊಂದು ಕಾರಣವನ್ನು ಯಾರೂ ಅನುಮಾನಿಸುವುದಿಲ್ಲ. ರಾತ್ರಿ ಸಾಫ್ಟ್‌ವೇರ್ ಅಪ್‌ಡೇಟ್ ಆಗಿ ಫೋನ್ ತಾನೇ ರೀಸ್ಟಾರ್ಟ್ ಆದರೆ, ನೀವು ಒಮ್ಮೆ ಪಿನ್ ಹಾಕಿ ತೆರೆಯುವವರೆಗೆ ಅನೇಕ ಆ್ಯಪ್‌ಗಳು ಶುರುವಾಗುವುದಿಲ್ಲ. ಬೆಳಗಿನ ಔಷಧ ತಪ್ಪುವುದು ಇಂಥ ದಿನ. ಅಪ್‌ಡೇಟ್ ಅನ್ನು ಹಗಲು ಹೊತ್ತಿನಲ್ಲಿ ನೀವೇ ಹಾಕಿಕೊಳ್ಳಿ.

ಸರಿಪಡಿಸಿದ ಮೇಲೆ ಪರೀಕ್ಷೆ ಒಂದು ನಿಮಿಷದ ರಿಮೈಂಡರ್‌ನಿಂದ ಆಗದು, ಫೋನ್ ಆಗಿನ್ನೂ ಎಚ್ಚರವಾಗಿರುತ್ತದೆ. ಎರಡು ಗಂಟೆಯ ನಂತರಕ್ಕೆ ಇಟ್ಟು, ಚಾರ್ಜರ್ ತೆಗೆದು, ಪರದೆ ಆರಿಸಿ, ಮುಟ್ಟದೆ ಬಿಡಿ. ಆಗ ಬಾರಿಸಿದರೆ ನಂಬಬಹುದು. ಆದರೂ ಔಷಧದಂಥ ತಪ್ಪಬಾರದ ವಿಷಯಕ್ಕೆ ಫೋನಿನ ಜೊತೆಗೇ ಬಂದಿರುವ ಕ್ಲಾಕ್ ಆ್ಯಪ್‌ನಲ್ಲಿ ಪ್ರತಿದಿನದ ಅಲಾರಂ ಇಟ್ಟು, ಅದಕ್ಕೆ ಔಷಧದ ಹೆಸರು ಕೊಡುವುದು ಉತ್ತಮ. ಅಲಾರಂ ವಾಲ್ಯೂಮ್ ರಿಂಗ್ ವಾಲ್ಯೂಮ್‌ನಿಂದ ಬೇರೆ, ಅದನ್ನೂ ನೋಡಿಕೊಳ್ಳಿ.

ಪ್ರಶ್ನೆ: ಮೊದಲು ಕರೆಗಳನ್ನು ರೆಕಾರ್ಡ್ ಮಾಡುತ್ತಿದ್ದ ಆ್ಯಪ್ ಈಗ ನನ್ನ ಧ್ವನಿಯನ್ನು ಮಾತ್ರ ರೆಕಾರ್ಡ್ ಮಾಡುತ್ತಿದೆ. ಪರ್ಯಾಯ ತಿಳಿಸಿ.

ಉತ್ತರ: ಹೊರಗಿನ ಆ್ಯಪ್‌ಗಳಿಗೆ ಕರೆಯ ಧ್ವನಿ ಸಿಗುವ ದಾರಿಗಳನ್ನು ಆಂಡ್ರಾಯ್ಡ್ ಒಂದೊಂದಾಗಿ ಮುಚ್ಚಿದೆ. ಕೊನೆಗೆ ಉಳಿದಿದ್ದದ್ದು ಆಕ್ಸೆಸಿಬಿಲಿಟಿ ಅನುಮತಿ (ಅಂಗವೈಕಲ್ಯ ಇರುವವರಿಗೆ ನೆರವಾಗಲೆಂದು ಆ್ಯಪ್‌ಗೆ ಕೊಡುವ ವಿಶೇಷ ಹಕ್ಕು). ಕರೆ ರೆಕಾರ್ಡ್ ಮಾಡಲು ಅದನ್ನು ಬಳಸಬಾರದೆಂಬ ಪ್ಲೇ ಸ್ಟೋರ್ ನಿಯಮ 2022ರ ಮೇ 11ರಿಂದ ಜಾರಿಗೆ ಬಂತು. ಆದ್ದರಿಂದ ಇನ್ನೊಂದು ಆ್ಯಪ್ ಹುಡುಕಿದರೂ ಮೈಕಿನ ಧ್ವನಿ, ಎಂದರೆ ನಿಮ್ಮ ಮಾತು ಮಾತ್ರ ಸಿಗುತ್ತದೆ. ಸ್ಪೀಕರ್ ಆನ್ ಮಾಡಿ ಮಾತಾಡಿದರೆ ಆಚೆಯ ಧ್ವನಿ ಮಂದವಾಗಿ ಬಂದೀತು, ಅಷ್ಟೇ.

ಫೋನಿನ ಸ್ವಂತ ಡಯಲರ್‌ನಲ್ಲಿ ‘ಕಾಲ್ ರೆಕಾರ್ಡಿಂಗ್’ ಇದೆಯೇ ನೋಡಿ. ದೇಶ ಮತ್ತು ಮಾದರಿಗೆ ತಕ್ಕಂತೆ ಇರುತ್ತದೆ ಅಥವಾ ಇರುವುದಿಲ್ಲ. ಗೂಗಲ್ ಫೋನ್ ಆ್ಯಪ್‌ನಲ್ಲಿ ಇದ್ದರೆ ರೆಕಾರ್ಡ್ ಶುರುವಾದದ್ದನ್ನು ಎರಡೂ ಕಡೆಗೆ ಧ್ವನಿಯಲ್ಲಿ ತಿಳಿಸುತ್ತದೆ. ಐಫೋನ್‌ಗೆ ಈ ಸೌಲಭ್ಯ 2024ರ ಐಒಎಸ್ 18.1ರಲ್ಲಿ ಬಂತು. ಅದೂ ಘೋಷಣೆ ಮಾಡಿಯೇ ರೆಕಾರ್ಡ್ ಮಾಡುತ್ತದೆ, ಕಡತ ನೋಟ್ಸ್ ಆ್ಯಪ್‌ನಲ್ಲಿ ಸಿಗುತ್ತದೆ. ಘೋಷಣೆ ತಪ್ಪಿಸುವ ಉಪಾಯಗಳನ್ನು ನಾವು ಹೇಳುವುದಿಲ್ಲ. ಎದುರಿನವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡುವುದು ಹಲವು ಕಡೆ ಅಪರಾಧ, ಎಲ್ಲ ಕಡೆಯೂ ವಿಶ್ವಾಸಭಂಗ.

ಪ್ರಶ್ನೆ: ಟಾರ್ಚ್‌ಗೆ ಮತ್ತು ಕ್ಯೂಆರ್ ಕೋಡ್ ಓದಲು ಜಾಹೀರಾತು ಇಲ್ಲದ ಆ್ಯಪ್ ಸೂಚಿಸಿ.

ಉತ್ತರ: ಎರಡಕ್ಕೂ ಆ್ಯಪ್ ಬೇಡ. ಪರದೆಯ ಮೇಲಿಂದ ಎರಡು ಬಾರಿ ಕೆಳಗೆಳೆದರೆ ಬರುವ ಗುಂಡಿಗಳಲ್ಲಿ ಟಾರ್ಚ್ ಇರುತ್ತದೆ. ಆಂಡ್ರಾಯ್ಡ್ 13ರಿಂದ ಕ್ಯೂಆರ್ ಸ್ಕ್ಯಾನರ್ ಗುಂಡಿಯೂ ಅಲ್ಲೇ ಸಿಗುತ್ತದೆ, ಕಾಣದಿದ್ದರೆ ಪೆನ್ಸಿಲ್ ಗುರುತು ಒತ್ತಿ ಸೇರಿಸಿಕೊಳ್ಳಿ. ಐಫೋನ್‌ನ ಕ್ಯಾಮೆರಾ 2017ರ ಐಒಎಸ್ 11ರಿಂದಲೇ ಕ್ಯೂಆರ್ ಓದುತ್ತದೆ.

ಇಷ್ಟು ಚಿಕ್ಕ ಕೆಲಸದ ಆ್ಯಪ್‌ಗಳ ಬಗ್ಗೆ ಗಟ್ಟಿಯಾಗಿ ಹೇಳಲು ಕಾರಣವಿದೆ. ‘ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್’ ಎಂಬ ಜನಪ್ರಿಯ ಟಾರ್ಚ್ ಆ್ಯಪ್ ಬಳಕೆದಾರರಿದ್ದ ಸ್ಥಳದ ಮಾಹಿತಿಯನ್ನು ಜಾಹೀರಾತು ಜಾಲಗಳಿಗೆ ಕೊಡುತ್ತಿತ್ತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ ಕ್ರಮ ಕೈಗೊಂಡಿತು. ಒಂದು ಕೋಟಿಗೂ ಹೆಚ್ಚು ಬಾರಿ ಇಳಿಸಿಕೊಂಡಿದ್ದ ‘ಬಾರ್‌ಕೋಡ್ ಸ್ಕ್ಯಾನರ್’ ಆ್ಯಪ್ ವರ್ಷಗಟ್ಟಲೆ ಸರಿಯಾಗಿದ್ದು, 2020ರ ಕೊನೆಯ ಒಂದು ಅಪ್‌ಡೇಟ್‌ನಿಂದ ಕುತಂತ್ರಾಂಶವಾಗಿ ಬದಲಾಯಿತು. ಇವತ್ತು ಒಳ್ಳೆಯದಿರುವ ಆ್ಯಪ್ ನಾಳೆ ಬೇರೆಯವರ ಕೈಗೆ ಹೋಗಬಹುದು. ಹಾಕಿಕೊಂಡಿರುವ ಆ್ಯಪ್‌ಗಳ ಸಂಖ್ಯೆ ಕಡಿಮೆಯಿದ್ದಷ್ಟೂ ಇಂಥ ಅಪಾಯ ಕಡಿಮೆ.

ಪ್ರಶ್ನೆ: ದಾಖಲೆಗಳನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಕಡತ ದೊಡ್ಡದಾಗಿ ಅರ್ಜಿಯ ತಾಣದಲ್ಲಿ ಅಪ್‌ಲೋಡ್ ಆಗುವುದಿಲ್ಲ. ಅಂಚುಗಳೂ ಸೊಟ್ಟ ಬರುತ್ತವೆ.

ಉತ್ತರ: ಗೂಗಲ್ ಡ್ರೈವ್ ಆ್ಯಪ್‌ನಲ್ಲಿರುವ ಸ್ಕ್ಯಾನ್ ಗುಂಡಿ, ಐಫೋನ್‌ನಲ್ಲಾದರೆ ನೋಟ್ಸ್ ಆ್ಯಪ್‌ನ ‘ಸ್ಕ್ಯಾನ್ ಡಾಕ್ಯುಮೆಂಟ್ಸ್’, ಇವೇ ಸಾಕು. ಸ್ಕ್ಯಾನ್ ಕೆಡುವುದು ಹೆಚ್ಚಾಗಿ ಬೆಳಕಿನಿಂದ. ಬಿಳಿ ಕಾಗದವನ್ನು ಹೊಳಪಿಲ್ಲದ ಗಾಢ ಬಣ್ಣದ ಮೇಲ್ಮೈ ಮೇಲೆ ಇಡಿ, ಅಂಚು ಗುರುತಿಸಲು ಆ್ಯಪ್‌ಗೆ ಸುಲಭವಾಗುತ್ತದೆ. ತಲೆಯ ಮೇಲಿನ ದೀಪದಡಿ ನಿಂತರೆ ನಿಮ್ಮ ಕೈಯ ನೆರಳು ಕಾಗದದ ಮೇಲೆ ಬೀಳುತ್ತದೆ, ಆದ್ದರಿಂದ ಕಿಟಕಿಯ ಪಕ್ಕದ ಬೆಳಕು ಒಳ್ಳೆಯದು. ಲ್ಯಾಮಿನೇಟ್ ಮಾಡಿದ್ದರೆ ಫ್ಲ್ಯಾಶ್ ಆರಿಸಿ. ತೀರಾ ಹತ್ತಿರ ಹಿಡಿದರೆ ಕಾಗದದ ಆಕಾರ ಕೆಡುತ್ತದೆ, ತುಸು ಮೇಲಕ್ಕೆತ್ತಿ ಫೋನನ್ನು ಕಾಗದಕ್ಕೆ ಸಮಾನಾಂತರವಾಗಿ ಹಿಡಿಯಿರಿ.

ಗಾತ್ರದ ಲೆಕ್ಕ ಹೀಗೆ. ಎ4 ಪುಟವನ್ನು ಸ್ಪಷ್ಟವಾಗಿ ಓದಲು 200 ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕೆ) ಸಾಕು, ಎಂದರೆ ಸುಮಾರು 1654 ಮತ್ತು 2339 ಪಿಕ್ಸೆಲ್. 300 ಡಿಪಿಐಗೆ ಏರಿಸಿದರೆ ಪಿಕ್ಸೆಲ್‌ಗಳು 2.25 ಪಟ್ಟಾಗುತ್ತವೆ. ಕಡತ ಹಗುರಾಗಲು ಮೊದಲು ಮಾಡಬೇಕಾದದ್ದು ಫಿಲ್ಟರ್‌ನಲ್ಲಿ ಬಣ್ಣ ಬಿಟ್ಟು ಗ್ರೇಸ್ಕೇಲ್ (ಬೂದು ಛಾಯೆಗಳು) ಅಥವಾ ಕಪ್ಪುಬಿಳುಪು ಆರಿಸುವುದು. ಅಕ್ಷರಗಳಷ್ಟೇ ಇರುವ ಪುಟಕ್ಕೆ ಕಪ್ಪುಬಿಳುಪು ಸರಿ. ಭಾವಚಿತ್ರ, ಮಾಸಲು ಮೊಹರು ಇದ್ದರೆ ಗ್ರೇಸ್ಕೇಲ್ ಬೇಕು, ಕಪ್ಪುಬಿಳುಪಿನಲ್ಲಿ ಅವು ಮಸಿಯ ಕಲೆಯಾಗಿಬಿಡುತ್ತವೆ. ಕಾಗದದ ಸುತ್ತಲಿನ ಜಾಗವನ್ನು ಕ್ರಾಪ್ ಮಾಡಿ, ಬೇಡದ ಪುಟ ತೆಗೆಯಿರಿ.

ಗುರುತಿನ ಚೀಟಿ, ಬ್ಯಾಂಕ್ ಕಾಗದಗಳನ್ನು ಚಿಕ್ಕದು ಮಾಡಲು ಸಿಕ್ಕಸಿಕ್ಕ ಉಚಿತ ತಾಣಕ್ಕೆ ಅಪ್‌ಲೋಡ್ ಮಾಡಬೇಡಿ. ಆ ಪ್ರತಿ ಮುಂದೆ ಎಲ್ಲಿ ಉಳಿಯುತ್ತದೆಂದು ತಿಳಿಯುವ ದಾರಿ ನಿಮಗಿಲ್ಲ.

ಪ್ರಶ್ನೆ: ಫೋನ್ ಬದಲಾಯಿಸಿದಾಗ ಅರ್ಧ ಕಾಂಟ್ಯಾಕ್ಟ್‌ಗಳು ಮಾಯ. ವಾಪಸು ಸಿಗುತ್ತವೆಯೇ?

ಉತ್ತರ: ಹಳೆಯ ಫೋನ್ ಇನ್ನೂ ಕೈಯಲ್ಲಿದ್ದರೆ ಖಂಡಿತ ಸಿಗುತ್ತವೆ, ರೀಸೆಟ್ ಮಾಡಬೇಡಿ. ಕಾಂಟ್ಯಾಕ್ಟ್‌ಗಳು ಸಿಮ್, ಫೋನ್, ಗೂಗಲ್ ಖಾತೆ ಈ ಮೂರು ಜಾಗಗಳಲ್ಲಿ ಹಂಚಿಹೋಗಿರುತ್ತವೆ. ಹೊಸ ಫೋನಿಗೆ ತಾನಾಗಿ ಬಂದದ್ದು ಗೂಗಲ್ ಖಾತೆಯದ್ದು ಮಾತ್ರ. ಹಳೆಯ ಫೋನಿನ ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ‘ಎಕ್ಸ್‌ಪೋರ್ಟ್ ಟು ಫೈಲ್’ ಒತ್ತಿದರೆ ಒಂದು ವಿಸಿಎಫ್ ಕಡತ ಸಿಗುತ್ತದೆ. ಅದನ್ನು ಹೊಸ ಫೋನಿಗೆ ಕಳಿಸಿ ತೆರೆಯಿರಿ, ಎಲ್ಲಿ ಉಳಿಸಬೇಕೆಂದು ಕೇಳಿದಾಗ ಗೂಗಲ್ ಖಾತೆ ಎಂದು ಆರಿಸಿ. ನಂತರ ‘ಮರ್ಜ್ ಆ್ಯಂಡ್ ಫಿಕ್ಸ್’ ಒತ್ತಿದರೆ ಎರಡೆರಡು ಬಾರಿ ಇರುವ ಹೆಸರುಗಳು ಒಂದಾಗುತ್ತವೆ.

ತಪ್ಪಿ ಅಳಿಸಿದ್ದರೆ ಗೂಗಲ್ ಕಾಂಟ್ಯಾಕ್ಟ್ಸ್‌ನ ‘ಟ್ರ್ಯಾಶ್’ನಲ್ಲಿ 30 ದಿನ ಇರುತ್ತವೆ. ಸಿಂಕ್ ಗೊಂದಲದಿಂದ ಇಡೀ ಪಟ್ಟಿಯೇ ಕಲಸಿಹೋಗಿದ್ದರೆ, ಕಂಪ್ಯೂಟರಿನಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದು ಸೆಟ್ಟಿಂಗ್ಸ್‌ನ ‘ಅನ್‌ಡು ಚೇಂಜಸ್’ ಒತ್ತಿ. 30 ದಿನಗಳ ಹಿಂದಿನವರೆಗೆ ಪಟ್ಟಿ ಹೇಗಿತ್ತೋ ಹಾಗೆ ತರಬಹುದು.

ಪ್ರಶ್ನೆ: ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಅಳಿಸಿದ ಸಂದೇಶ ತೋರಿಸುವ ಆ್ಯಪ್ ಸುರಕ್ಷಿತವೇ?

ಉತ್ತರ: ಅಲ್ಲ. ಅಂಥ ಆ್ಯಪ್ ನಿಮ್ಮ ಎಲ್ಲ ನೋಟಿಫಿಕೇಶನ್‌ಗಳನ್ನೂ ಓದುತ್ತದೆ, ಬ್ಯಾಂಕಿನ ಒಟಿಪಿ ಸಹ. ಆಂಡ್ರಾಯ್ಡ್ 11ರಿಂದ ‘ನೋಟಿಫಿಕೇಶನ್ ಹಿಸ್ಟರಿ’ ಫೋನಿನಲ್ಲೇ ಇದೆ, ಆನ್ ಮಾಡಿಟ್ಟರೆ ಕಳೆದ 24 ಗಂಟೆಗಳದ್ದು ಕಾಣುತ್ತದೆ.

ಪ್ರಶ್ನೆ: ಗ್ರಾಹಕ ಸೇವೆಯವರೆಂದು ಹೇಳಿದವರು ಒಂದು ಎಪಿಕೆ ಕಡತ (ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಆ್ಯಪ್ ಹಾಕಿಸುವ ಕಡತ) ಕಳಿಸಿ, ‘ಅಲೋ ರಿಸ್ಟ್ರಿಕ್ಟೆಡ್ ಸೆಟ್ಟಿಂಗ್ಸ್’ ಒತ್ತಲು ಹೇಳಿದರು. ಆ್ಯಪ್ ಹಾಕಿಕೊಂಡೆ, ಅದನ್ನು ಮಾತ್ರ ಒತ್ತಲಿಲ್ಲ. ಈಗೇನು ಮಾಡಲಿ?

ಉತ್ತರ: ಒತ್ತದಿದ್ದದ್ದು ಬಹಳ ಒಳ್ಳೆಯದಾಯಿತು. ಪ್ಲೇ ಸ್ಟೋರ್‌ನ ಹೊರಗಿಂದ ಬಂದ ಆ್ಯಪ್‌ಗಳಿಗೆ ಆಕ್ಸೆಸಿಬಿಲಿಟಿಯಂಥ ಅನುಮತಿ ಸುಲಭವಾಗಿ ಸಿಗದಂತೆ ಆಂಡ್ರಾಯ್ಡ್ 13ರಿಂದ ಒಂದು ತಡೆ ಇದೆ. ಅವರು ನಿಮ್ಮ ಕೈಯಿಂದ ತೆಗೆಸಲು ಹೊರಟದ್ದು ಆ ತಡೆಯನ್ನೇ. ಆಕ್ಸೆಸಿಬಿಲಿಟಿ ಸಿಕ್ಕ ಆ್ಯಪ್ ಪರದೆಯಲ್ಲಿ ಕಾಣುವುದನ್ನೆಲ್ಲ ಓದಬಲ್ಲದು, ನಿಮ್ಮ ಪರವಾಗಿ ಗುಂಡಿಗಳನ್ನೂ ಒತ್ತಬಲ್ಲದು.

ಈಗ ಮೊದಲು ಏರೋಪ್ಲೇನ್ ಮೋಡ್ ಹಾಕಿ. ವೈಫೈ ಕೂಡ ಆರಿದೆಯೇ ನೋಡಿ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಿಂದ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ. ಹೋಮ್ ಪರದೆಯಲ್ಲಿ ಐಕಾನ್ ಇಲ್ಲದಿದ್ದರೂ ಈ ಪಟ್ಟಿಯಲ್ಲಿ ಇರಬಹುದು. ಅನ್‌ಇನ್‌ಸ್ಟಾಲ್ ಗುಂಡಿ ಮಂಕಾಗಿದ್ದರೆ ‘ಡಿವೈಸ್ ಅಡ್ಮಿನ್ ಆ್ಯಪ್ಸ್’ ಪಟ್ಟಿಯಲ್ಲಿ ಅದರ ಹಕ್ಕು ತೆಗೆದು ಮತ್ತೆ ಪ್ರಯತ್ನಿಸಿ. ಆಕ್ಸೆಸಿಬಿಲಿಟಿ, ನೋಟಿಫಿಕೇಶನ್ ಆಕ್ಸೆಸ್, ಡೀಫಾಲ್ಟ್ ಎಸ್‌ಎಂಎಸ್ ಆ್ಯಪ್, ಈ ಮೂರರಲ್ಲೂ ಗುರುತಿಲ್ಲದ ಹೆಸರಿದೆಯೇ ನೋಡಿ. ಮೇಲೆ ಹೇಳಿದ *#21# ಪರೀಕ್ಷೆಯನ್ನು ನೆಟ್‌ವರ್ಕ್ ಮರಳಿ ಬಂದ ಮೇಲೆ ಮಾಡಿ. ಪ್ಲೇ ಸ್ಟೋರ್‌ನ ಪ್ಲೇ ಪ್ರೊಟೆಕ್ಟ್‌ನಿಂದ ಒಮ್ಮೆ ಸ್ಕ್ಯಾನ್ ಮಾಡಿಸಿ. ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡುಗಳನ್ನು ಬೇರೆ ಸಾಧನದಿಂದ ಬದಲಾಯಿಸಿ, ನಡೆದದ್ದನ್ನು ಬ್ಯಾಂಕಿಗೆ ತಿಳಿಸಿ. ಆ್ಯಪ್‌ಗೆ ಎಸ್‌ಎಂಎಸ್ ಅನುಮತಿ ಕೊಟ್ಟಿದ್ದು ನೆನಪಿದ್ದರೆ ಅಥವಾ ಅನ್‌ಇನ್‌ಸ್ಟಾಲ್ ಆಗದಿದ್ದರೆ, ಫೋಟೊ ಮತ್ತು ಕಾಂಟ್ಯಾಕ್ಟ್‌ಗಳ ಬ್ಯಾಕಪ್ ತೆಗೆದುಕೊಂಡು ಫ್ಯಾಕ್ಟರಿ ರೀಸೆಟ್ ಮಾಡುವುದೇ ಸರಿ. ಬ್ಯಾಕಪ್‌ನಲ್ಲಿ ಆ ಎಪಿಕೆ ಕಡತ ಸೇರದಂತೆ ಡೌನ್‌ಲೋಡ್ಸ್ ಫೋಲ್ಡರಿನಿಂದ ಮೊದಲೇ ಅಳಿಸಿ.